ಸತ್ಯಾಂಶ: ಹಸಿರು ಹುಳ ಮುಟ್ಟಿದ್ರೆ ಐದೇ ನಿಮಿಷದಲ್ಲಿ ಸಾವಾ?

ಶಿರಸಿ ಕಡೆ ಗ್ರೂಪಲ್ಲೆಲ್ಲ ಮತ್ತೆ ಆ ಫಾರ್ವರ್ಡ್ ಓಡಾಡ್ತಾ ಇದೆ, "ಈ ಹುಳ ಮುಟ್ಟಿದ್ರೆ ಐದೇ ನಿಮಿಷದಲ್ಲಿ ಸಾವು" ಅಂತ. ಇದು ಸುಳ್ಳು. ಆ ಫಾರ್ವರ್ಡಿನ ಫೋಟೋದಲ್ಲಿರೋ ಮುಳ್ಳುಮುಳ್ಳಿನ ಹುಳ ಒಂದು ಜಾತಿ ಪತಂಗದ ಮರಿ, ತಾಗಿದ್ರೆ ಜೋರು ಉರಿ, ಬಾವು ಬರ್ತದೆ, ಸೋಪು ಹಾಕಿ ತೊಳ್ಕೊಳ್ಳಿ, ಮೈಯೆಲ್ಲ ದದ್ದು ಎದ್ರೆ, ಉಸಿರು ಕಟ್ಟಿದಂಗಾದ್ರೆ ಮಾತ್ರ ತಡ ಮಾಡ್ದೆ ಡಾಕ್ಟರ ಹತ್ರ ಹೋಗಿ.

ಬೇಜಾರಿನ ವಿಷಯ ಏನಂದ್ರೆ ಆ ಫಾರ್ವರ್ಡ್ ಓದಿ ಜನ ಹಿತ್ತಲಿನ ಕರಿಬೇವು, ನಿಂಬೆ ಗಿಡದ ಹುಳಕ್ಕೂ ಔಷಧಿ ಹೊಡೀತಿದ್ದಾರೆ. ಅದು ಚಿಟ್ಟೆ ಮರಿ ಮಾರಾಯ್ರೆ! ಸಣ್ಣದಿದ್ದಾಗ ಹಕ್ಕಿ ಹಿಕ್ಕೆ ಥರ ಕಾಣ್ತದೆ, ದೊಡ್ಡದಾದ್ಮೇಲೆ ನುಣ್ಣಗೆ ಎಲೆ ಹಸಿರು, ಕೆಣಕಿದ್ರೆ ತಲೆ ಹಿಂದಿಂದ ಎರಡು ಕವಲಿನ ಕೊಂಬು ಹೊರಗೆ ಹಾಕಿ ವಾಸನೆ ಬಿಡ್ತದೆ, ಕಚ್ಚೋದೂ ಇಲ್ಲ ಚುಚ್ಚೋದೂ ಇಲ್ಲ.

ಗಿಡ ಬೋಳಾಗ್ತದೆ ಅಂತ ಚಿಂತೆ ಇದ್ರೆ ಡಬ್ಬಿಲಿ ಹಾಕಿ ಸಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಅದೇ ಗಿಡದ ಎಲೆ ದಿನಾ ಹೊಸದು ಕೊಡಿ. ಹುಳ ಕೋಶ ಆದ್ಮೇಲೆ ಅದನ್ನ ಒಡೆದು ಹೆಲ್ಪ್ ಮಾಡ್ಲಿಕ್ಕೆ ಹೋಗ್ಬೇಡಿ. ಚಿಟ್ಟೆ ಹೊರಗೆ ಬಂದ್ಮೇಲೆ ಒಂದೆರಡು ತಾಸು ನೇತಾಡಿ ರೆಕ್ಕೆ ಒಣಗಿಸ್ಕೊಳ್ಳಲಿ, ಮಳೆ ಹೊಯ್ತಿದ್ರೆ ಕಾಯಿರಿ, ಹೊಳವಾದಾಗ ಹಿತ್ತಲಲ್ಲೇ ಬಿಟ್ಬಿಡಿ.