ಆಮೆನ್‌ಗೆ ಮೊದಲೇ ಕೂಗಿದ ಕುಕ್ಕರ್

ಶುಕ್ರವಾರ ಸಂಜೆ ಏಳಕ್ಕೆ ಕಾಟೇಜ್ ಪ್ರೇಯರ್ ಎಂದು ವಾಟ್ಸಾಪ್‌ನಲ್ಲಿ ಹಾಕುತ್ತೇನೆ. ಕಾಟೇಜ್ ಪ್ರೇಯರ್ ಎಂದರೆ ನಮ್ಮ ಚರ್ಚಿನ ಸಭೆಯವರು ಯಾರದಾದರೂ ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟ. ನಮ್ಮ ಗುಂಪಿನ ನಿವೃತ್ತ ಹೆಡ್‌ಮಾಸ್ಟರರು ಅದನ್ನು ಆರೂವರೆ ಎಂದು ಓದಿಕೊಳ್ಳುತ್ತಾರೆ. ಮನೆಯವರು ಇನ್ನೂ ಕಸ ಗುಡಿಸುತ್ತಿರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ನಿಮ್ಮ ಕೆಲಸ ನೋಡಿಕೊಳ್ಳಿ, ನಾನು ಸುಮ್ಮನೆ ಕುಳಿತಿರುತ್ತೇನೆ" ಎನ್ನುತ್ತಾರೆ. ಸುಮ್ಮನೆ ಕುಳಿತಿರುವುದಿಲ್ಲ, ಎಲ್ಲೆಲ್ಲಿ ಧೂಳು ಉಳಿದಿದೆ ಎಂದು ಊರುಗೋಲಿನಿಂದ ತೋರಿಸುತ್ತಾರೆ. ಹುಡುಗರು ಅದೇ ಏಳನ್ನು ಏಳೂಮುಕ್ಕಾಲು ಎಂದು ಓದಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಬೈಬಲ್ ಓದಿ ಮನನ ಮಾಡುವ ವಾಕ್ಯಧ್ಯಾನ ಮುಗಿದು ಒಳಗೆ ತಟ್ಟೆಗಳ ಸದ್ದು ಶುರುವಾಗಿರುತ್ತದೆ. ಏಳೆಂದರೆ ಏಳೇ ಎಂದು ನಂಬಿ ಬರುವವನು ನಾನೊಬ್ಬ. ಗುಂಪಿನ ಲೀಡರ್ ಪಟ್ಟ ನನಗೆ ಸಿಕ್ಕಿದ್ದು ಇದಕ್ಕೇ ಎಂದು ಹೇಳಿಕೊಳ್ಳಬಹುದಿತ್ತು.

ನಿಜವಾಗಿ ಆದದ್ದು ಬೇರೆ. ಒಂದು ಭಾನುವಾರ ಆರಾಧನೆ ಮುಗಿದು ಹೊರಬರುವಾಗ ಸಭಾಪಾಲಕರು, ಅಂದರೆ ನಮ್ಮ ಪಾಸ್ಟರ್, ನನ್ನ ಕೈ ಹಿಡಿದುಕೊಂಡರು, ಹಿಡಿದ ಕೈ ಬಿಡಲಿಲ್ಲ. "ನಿಮ್ಮಲ್ಲಿ ಒಂದು ವರ ಇದೆ ಬ್ರದರ್" ಎಂದರು. ಯಾವ ವರ ಎಂದು ಹೇಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಹೆಂಡತಿಯೇ ಬಿಡಿಸಿ ಹೇಳಿದಳು: "ನಿಮಗೆ ಆಗುವುದಿಲ್ಲ ಎನ್ನಲು ಬರುವುದಿಲ್ಲವಲ್ಲ, ಅದೇ."

ತರಬೇತಿಯೂ ಆಯಿತು, ಮಧ್ಯಾಹ್ನದ ಬಿರಿಯಾನಿ ಸಮೇತ. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಡೇವಿಡ್ ಯೊಂಗಿ ಚೋ ಎಂಬ ಪಾಸ್ಟರ್ 1964ರಲ್ಲಿ ಎಲ್ಲ ಕೆಲಸವನ್ನೂ ಒಬ್ಬರೇ ಹೊತ್ತು ದಣಿದು ಕುಸಿದು ಬಿದ್ದರಂತೆ. ಆಮೇಲೆ ಸಭೆಯನ್ನು ಮನೆಮನೆಯ ಗುಂಪುಗಳಾಗಿ ಹಂಚಿ, ಮುಂದಾಳುತನವನ್ನು ಹೆಚ್ಚಾಗಿ ಹೆಂಗಸರ ಕೈಗೆ ಕೊಟ್ಟರು. ಸಭೆ ಲಕ್ಷಗಟ್ಟಲೆ ಬೆಳೆಯಿತು. ಕೇಳಲು ಚೆನ್ನಾಗಿತ್ತು. ಅಲ್ಲಿ ಪಾಸ್ಟರ್ ಕುಸಿದ ಮೇಲೆ ಗುಂಪುಗಳಾದವು, ಇಲ್ಲಿ ಗುಂಪಾದ ಮೇಲೆ ಕುಸಿಯುವ ಸರದಿ ಲೀಡರ್‌ನದು ಎಂಬುದನ್ನು ಮಾತ್ರ ಯಾರೂ ಬೋರ್ಡಿನ ಮೇಲೆ ಬರೆಯಲಿಲ್ಲ.

ತರಬೇತಿಯಲ್ಲಿ ಕೊಟ್ಟ ಕೈಪಿಡಿಯ ಪ್ರಕಾರ ಕೂಟವನ್ನು ಒಂದು ಹಗುರ ಪ್ರಶ್ನೆಯಿಂದ ತೆರೆಯಬೇಕು. ಅದರಿಂದ ಸಂಕೋಚ ಹೋಗುತ್ತದೆ, ಸಂಬಂಧ ಬೆಳೆಯುತ್ತದೆ. "ಈ ವಾರ ನಿಮಗೆ ಸಂತೋಷ ಕೊಟ್ಟ ಒಂದು ಸಂಗತಿ ಹೇಳಿ" ಎಂದೆ. ಸುತ್ತ ಕುಳಿತವರೆಲ್ಲ ಜಮಖಾನದ ಪಟ್ಟೆಗಳನ್ನು ನೋಡತೊಡಗಿದರು. ಫ್ಯಾನ್ ಮಾತ್ರ ಕಿರುಗುಟ್ಟುತ್ತಿತ್ತು. ಕೊನೆಗೆ ಮೂಲೆಯಲ್ಲಿದ್ದ ಅಂಕಲ್ ಒಬ್ಬರು ಗಂಟಲು ಸರಿಪಡಿಸಿಕೊಂಡು, "ಮಂಗಳವಾರದಿಂದ ಹೊಟ್ಟೆ ಸಲೀಸಾಗಿದೆ, ದೇವರಿಗೆ ಸ್ತೋತ್ರ" ಎಂದರು. ಕಟ್ಟೆ ಒಡೆದದ್ದೇ ಆಗ. ಯಾರಿಗೆ ಇಸಬಗೋಲು ಹಿಡಿಸಿತು, ಯಾರಿಗೆ ಹಿಡಿಸಲಿಲ್ಲ, ಯಾವ ಡಾಕ್ಟರು ಕೈ ಹಿಡಿದು ನೋಡುತ್ತಾರೆ, ಯಾರು ಕಂಪ್ಯೂಟರನ್ನೇ ನೋಡುತ್ತಾರೆ ಎಂಬುದೆಲ್ಲ ಹೊರಬಂತು. ಅಂದಿನ ಪಾಠ ತೆರೆಯಲೇ ಇಲ್ಲ. ಆದರೆ ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತರೂ ಮಾತಾಡದಿದ್ದ ಇಬ್ಬರು ಹೆಂಗಸರು ಮರುದಿನವೇ ಜೊತೆಯಾಗಿ ಮಂಡಿನೋವಿನ ಡಾಕ್ಟರನ್ನು ನೋಡಲು ಹೋದರು. ಕೈಪಿಡಿಯ ಲೆಕ್ಕದಲ್ಲಿ ಇದು ಯಾವ ಅಧ್ಯಾಯಕ್ಕೆ ಸೇರುತ್ತದೋ!

ವೇದಪಾಠದ, ಅಂದರೆ ಅಂದು ಓದುವ ಬೈಬಲ್ ಭಾಗದ, ಆಯ್ಕೆಯಲ್ಲಿಯೂ ರಾಜಕೀಯವಿದೆ. ಕೀರ್ತನೆ 117ಕ್ಕೆ ಎರಡೇ ವಚನ. ಅದರಿಂದ ಎರಡೇ ಅಧ್ಯಾಯ ಮುಂದೆ ಹೋದರೆ 119, ಅದಕ್ಕೆ 176 ವಚನ. ನಾನು 117ರ ಕಡೆಯವನು, ಹೆಡ್‌ಮಾಸ್ಟರರು 119ರ ಕಡೆಯವರು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಚನ ಓದುವುದೆಂದರೆ ಎಲ್ಲರ ಕೈಯಲ್ಲಿ ಒಂದೇ ತರ್ಜುಮೆ ಇರಬೇಕು. ನಮ್ಮಲ್ಲಿ ಒಬ್ಬರದು ಅಜ್ಜನ ಕಾಲದ ಸತ್ಯವೇದ ಬೈಬಲ್, ಅವರು ದೇವರ ಹೆಸರನ್ನು "ಯೆಹೋವನು" ಎಂದು ಮುಗಿಸಿದ ಕಡೆಯಿಂದ ಪಕ್ಕದವರು "ಸರ್ವೇಶ್ವರ" ಎಂದು ಹಿಡಿಯುತ್ತಾರೆ. ಅವರ ಪಕ್ಕದ ಹುಡುಗ ಮೊಬೈಲಿನಲ್ಲಿ ಓದಲು ಹೊರಟಾಗ ಅವನ ಕಚೇರಿಯಿಂದ ಕರೆ ಬರುತ್ತದೆ.

ಪ್ರಾರ್ಥನೆಯ ಸರದಿ ಇನ್ನೂ ಕಠಿಣ. ಹೆಡ್‌ಮಾಸ್ಟರರು ಕಣ್ಣು ಮುಚ್ಚಿದರೆಂದರೆ ಮೊದಲು ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಆಮೇಲೆ ಮುಖ್ಯಮಂತ್ರಿ, ನಗರಪಾಲಿಕೆ, ವಾರ್ಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆ ಮನೆಯ ಯಜಮಾನಿಯ ತನಕ ಬರುತ್ತಾರೆ. ಆ ಸಂಜೆ ಒಳಗೆ ಒಲೆಯ ಮೇಲೆ ಉಸಲಿಗೆ ಕಡಲೆ ಬೇಯುತ್ತಿತ್ತು. ರಾಜ್ಯಪಾಲರ ಹೊತ್ತಿಗೆ ಒಂದು ಸೀಟಿ, ಪಾಲಿಕೆಯ ಹೊತ್ತಿಗೆ ಮೂರನೆಯದು. ಆರಿಸಬೇಕಾದದ್ದು ಆಗಲೇ. ಮನೆಯಾಕೆ ಏಳಲು ಸೆರಗು ಸರಿಮಾಡಿಕೊಂಡರು. ಅಷ್ಟರಲ್ಲಿ "ಈ ಮನೆಯ ತಾಯಿಗಾಗಿ ಬೇಡುತ್ತೇವೆ" ಎಂದು ಹೆಡ್‌ಮಾಸ್ಟರರು ಅವರ ಹೆಸರಿಗೇ ಬಂದರು. ತನಗಾಗಿ ದೇವರ ಮುಂದೆ ಅರ್ಜಿ ಹೋಗುತ್ತಿರುವಾಗ ಎದ್ದು ಹೋಗುವುದು ಹೇಗೆ? ನಾಲ್ಕು, ಐದು, ಆರು. ಒಂದು ಕಣ್ಣು ತೆರೆದು ನೋಡಿದೆ. ಎಲ್ಲರದೂ ಒಂದೊಂದು ಕಣ್ಣು ತೆರೆದೇ ಇತ್ತು. ಆಗ ಹೆಡ್‌ಮಾಸ್ಟರರು ಕಣ್ಣೂ ತೆರೆಯದೆ, ರಾಗವನ್ನೂ ಬದಲಿಸದೆ, "ಕರ್ತನೇ, ಆ ಒಲೆಯನ್ನು ಆರಿಸುವಂತೆ ಇಲ್ಲಿರುವ ಯಾರನ್ನಾದರೂ ಪ್ರೇರೇಪಿಸು" ಎಂದರು. ನಾಲ್ಕು ಜನ ಪ್ರೇರಿತರಾಗಿ ಎದ್ದರು.

ಮನೆಕೂಟಗಳ ಎಡವಟ್ಟು ಇಂದಿನದೇನೂ ಅಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಹನ್ನೆರಡನೆಯ ಅಧ್ಯಾಯವನ್ನೇ ನೋಡಿ. ಸೆರೆಯಲ್ಲಿದ್ದ ಯೇಸುವಿನ ಶಿಷ್ಯ ಪೇತ್ರನಿಗಾಗಿ ಒಂದು ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿರುತ್ತದೆ. ಬಿಡುಗಡೆಯಾದ ಪೇತ್ರನೇ ಬಂದು ಬಾಗಿಲು ತಟ್ಟುತ್ತಾನೆ. ಕೆಲಸದ ಹುಡುಗಿ ರೋದೆ ಅವನ ದನಿ ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಒಳಗಿದ್ದವರು ನಿನಗೆ ಹುಚ್ಚು ಎನ್ನುತ್ತಾರೆ. ಪಾಪ, ಪೇತ್ರ ತಟ್ಟುತ್ತಲೇ ನಿಂತಿರುತ್ತಾನೆ. ಆ ಕೂಟಕ್ಕೂ ಒಬ್ಬ ಲೀಡರ್ ಇದ್ದಿರಬೇಕು. ಅವನ ಮೇಲೆ ನನಗೆ ತುಂಬ ಮರುಕ.

ಪ್ರಾರ್ಥನಾ ವಿಜ್ಞಾಪನೆಗಳ ಸಂಗತಿಗೆ ಹೆಚ್ಚು ಕೈಹಾಕುವುದಿಲ್ಲ. "ಯಾರಿಗೂ ಹೇಳಬೇಡಿ, ಪ್ರಾರ್ಥನೆಗೆಂದು ಮಾತ್ರ ಹೇಳುತ್ತಿದ್ದೇನೆ" ಎಂದು ಆರಂಭವಾಗುವ ವಾಕ್ಯದಲ್ಲಿ ಪಕ್ಕದ ಬೀದಿಯ ಮದುವೆ ಮುರಿದದ್ದು, ಸೈಟಿನ ವ್ಯಾಜ್ಯ, ಯಾರದೋ ಮಗ ಸೆಮಿಸ್ಟರಿನಲ್ಲಿ ಡುಮ್ಕಿ ಹೊಡೆದದ್ದು ಎಲ್ಲ ಅಡಗಿರುತ್ತದೆ. ಸುದ್ದಿಯ ವಿವರ ಎಷ್ಟು ಹೆಚ್ಚೋ ಪ್ರಾರ್ಥನೆ ಅಷ್ಟು ಗಾಢವಾಗುತ್ತದೆ ಎಂದು ನಮ್ಮವರು ನಂಬಿದಂತಿದೆ.

ಒಮ್ಮೆ ಹಾಡುತ್ತಿರುವಾಗ ಮೇಲಿನ ಮನೆಯ ಹಿರಿಯರು ಇಳಿದು ಬಂದರು. ಅವರು ರಾಮಮಂದಿರದ ಭಜನಾ ಮಂಡಳಿಯವರು. ಗಲಾಟೆಯಾಯಿತೆಂದು ಬಂದರೇನೋ ಎಂದು ನಾನು ಕೈ ಮುಗಿದು ಕ್ಷಮೆಯ ಮಾತು ಸಿದ್ಧಮಾಡಿಕೊಂಡೆ. "ಗಲಾಟೆ ಇರಲಿ ಸ್ವಾಮಿ, ಆದಿತಾಳದಲ್ಲಿ ಎತ್ತಿ ರೂಪಕದಲ್ಲಿ ಇಳಿಸುತ್ತೀರಿ, ಮೂರು ವಾರದಿಂದ ಕೇಳಿ ಕೇಳಿ ಸಂಕಟವಾಗುತ್ತಿದೆ" ಎಂದರು. ಕೂರಿಸಿಕೊಂಡೆವು. ತೊಡೆ ತಟ್ಟಿ ತಾಳ ಹಾಕಿಕೊಟ್ಟರು, ಉಸಲಿ ತಿಂದರು, ಉಪ್ಪು ಮುಂದಾಗಿದೆ ಎಂದು ಅದನ್ನೂ ತಿದ್ದಿದರು.

ಇನ್ನು ಶಿಷ್ಯತ್ವ, ಅಂದರೆ ಒಬ್ಬರು ಇನ್ನೊಬ್ಬರನ್ನು ನಂಬಿಕೆಯಲ್ಲಿ ಬೆಳೆಸುವ ಕೆಲಸ. ನಮ್ಮ ಸಭೆಯ ಬೇರು ವೆಸ್ಲಿಯನ್ ಮಿಷನರಿಗಳದು, ಹಾಗಾಗಿ ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯ ಗುಂಪುಗಳ ಕಥೆಯನ್ನು ಹೆಡ್‌ಮಾಸ್ಟರರು ಆಗಾಗ ಹೇಳುತ್ತಾರೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿರಲಿಲ್ಲ. ವಾರಕ್ಕೆ ತಲೆಗೊಂದು ಪೆನ್ನಿ ಎತ್ತೋಣ, ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರು ಕೊಡಲಾರದಿದ್ದರೆ ನಾನೇ ಕೊಡುತ್ತೇನೆ ಎಂದು ಕ್ಯಾಪ್ಟನ್ ಫಾಯ್ ಎಂಬವರು ಮುಂದೆ ಬಂದರು. ಕಾಸು ಕೇಳಲು ಮನೆಮನೆಗೆ ಹೋದವರಿಗೆ ಯಾರ ಬಾಳು ಹೇಗಿದೆ, ಯಾರು ದಾರಿ ತಪ್ಪಿದ್ದಾರೆ ಎಂಬುದೆಲ್ಲ ಕಣ್ಣಿಗೆ ಬಿತ್ತು. ಬಹುಕಾಲದಿಂದ ಹುಡುಕುತ್ತಿದ್ದದ್ದು ಇದೇ ಎಂದುಕೊಂಡ ವೆಸ್ಲಿ ಆ ಸಾಲ ವಸೂಲಿಯನ್ನೇ ಆತ್ಮಿಕ ಪೋಷಣೆಯ ಏರ್ಪಾಡಾಗಿ ಮಾಡಿದರು.

ನನಗೆ ಒಪ್ಪಿಸಿದ್ದು ಒಬ್ಬನೇ ಹುಡುಗನನ್ನು, ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ವಾರಕ್ಕೊಮ್ಮೆ ಅವನೊಂದಿಗೆ ಕುಳಿತು ನಂಬಿಕೆಯಲ್ಲಿ ಬೆಳೆಸಬೇಕು. ಅವನು ಬಂದವನೇ ಅಂಗಳದಲ್ಲಿದ್ದ ನನ್ನ ಸ್ಕೂಟರ್ ನೋಡಿ, "ಅಣ್ಣ, ಇದರಲ್ಲಿ ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ?" ಎಂದ. ಕಾಡು ಕುಸುಮಗಳನ್ನು ನೋಡಿ, ಅವು ದುಡಿಯುವುದಿಲ್ಲ ಎಂಬ ಯೇಸುವಿನ ಮಾತಿನ ಪಾಠವಿದ್ದ ದಿನ ನಾವು ಕಾರ್ಬ್ಯುರೇಟರ್ ತೊಳೆದೆವು. ಈಗ ಗುಂಪಿನವರ ಗಾಡಿಗಳೆಲ್ಲ ಅವನ ಕೈಯಲ್ಲಿವೆ. ಮಧ್ಯರಾತ್ರಿ ಹೆಡ್‌ಮಾಸ್ಟರರ ಹೆಂಡತಿಗೆ ಉಸಿರು ಕಟ್ಟಿದಾಗ ಅವರು ಫೋನ್ ಮಾಡಿದ್ದು ನನಗಲ್ಲ, ಅವನಿಗೆ. ಆಸ್ಪತ್ರೆಗೆ ಸೇರಿಸಿ, ಎಲ್ಲ ಮುಗಿದ ಮೇಲೆ ಬೆಳಿಗ್ಗೆ ನನಗೆ ತಿಳಿಸಿದ. ಆಕೆ ಚೇತರಿಸಿಕೊಂಡರು. ಯಾರು ಯಾರ ಶಿಷ್ಯರೆಂದು ವರದಿಯ ನಮೂನೆಯಲ್ಲಿ ತುಂಬುವಾಗ ನಾನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತಿದ್ದೆ.

ಗುಂಪು ಹನ್ನೆರಡು ದಾಟಿದರೆ ಎರಡು ಮಾಡಬೇಕೆಂಬುದು ನಿಯಮ. ಸಭಾಪಾಲಕರು ಪಟ್ಟಿ ಹಿಡಿದು ಬಂದರು. ಕೂಡು ಕುಟುಂಬದ ಆಸ್ತಿ ಪಾಲಾಗುವಾಗಿನ ಹಾಗೆ ಒಬ್ಬೊಬ್ಬರ ಮುಖವೂ ಬಿಗಿಯಿತು. ಮುಖ್ಯರಸ್ತೆಯ ಆಚೆಯವರು ಒಂದು, ಈಚೆಯವರು ಒಂದು ಎಂದರೆ ಕೇಸರಿಬಾತಿನ ಆಂಟಿ ಆಚೆಗೆ ಹೋಗುತ್ತಾರೆ, ಡೋಲಕ್ ಈಚೆಗೆ ಉಳಿಯುತ್ತದೆ. ಹೆಡ್‌ಮಾಸ್ಟರರ ಉದ್ದ ಪ್ರಾರ್ಥನೆ ಯಾವ ಪಾಲಿಗೂ ಬೇಡವಾದೀತು ಎಂದು ನಾನು ಒಳಗೊಳಗೇ ಅಳುಕುತ್ತಿದ್ದೆ. ಅವರು ನಮಗೇ ಬೇಕೆಂದು ಎರಡೂ ಕಡೆಯವರು ದನಿ ಏರಿಸಿದರು. ಅವರೇ ತೀರ್ಪು ಕೊಟ್ಟರು: "ಒಂದು ಗುಂಪು ಬುಧವಾರ ಇಡಿ, ಇನ್ನೊಂದು ಶುಕ್ರವಾರವೇ ಇರಲಿ. ನಾನು ಎರಡಕ್ಕೂ ಬರುತ್ತೇನೆ."

ಈಗ ಎರಡಕ್ಕೂ ಎಲ್ಲರೂ ಬರುತ್ತಾರೆ. ಅದೇ ಜನ, ಅದೇ ಜಮಖಾನ, ಅದೇ ಡೋಲಕ್. ಬುಧವಾರದ ತಿಂಡಿ ಯಾರ ತಲೆಗೆ ಎಂದು ನನ್ನ ಹೆಂಡತಿ ಕೇಳಿದ್ದಾಳೆ, ಉತ್ತರ ಕೊಟ್ಟಿಲ್ಲ. ಸಭೆಯ ವರದಿಯಲ್ಲಿ ಮಾತ್ರ ನಮ್ಮ ಬಡಾವಣೆಯ ಹಾಜರಿ ಒಂದೇ ತಿಂಗಳಲ್ಲಿ ಇಮ್ಮಡಿಯಾಗಿದೆ. ಮುಂದಿನ ತರಬೇತಿಯಲ್ಲಿ ಈ ಬೆಳವಣಿಗೆಯ ಗುಟ್ಟು ತಿಳಿಸಲು ಅರ್ಧ ಗಂಟೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಆಗುವುದಿಲ್ಲ ಎನ್ನಲು ಬರಲಿಲ್ಲ.