ಅಪ್ಪನಿಗೆ ಫೋನ್ ಮಾಡುವ ಪಕ್ಷ

ಅಣ್ಣನ ಮಗಳ ಮದುವೆಗೆ ಅಂತ ಮೇ ಮೊದಲ ವಾರ ದೆಹಲಿಯಿಂದ ದಾವಣಗೆರೆಗೆ ಬಂದಿದ್ದೆ. ಪಡಸಾಲೆಯಲ್ಲಿ ಕೂತು ಲಗ್ನಪತ್ರಿಕೆಗಳ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆವು. ಅಣ್ಣನ ಫೋನ್ ಬಡಿದುಕೊಂಡಿತು. ಹೆಸರು ನೋಡಿದವನೇ ಎದ್ದು ನಿಂತ. ನಿಂತೇ ಮಾತಾಡಿದ.

"ಹೌದ್ರಿ... ಇಲ್ರಿ, ನನಗೆ ಗೊತ್ತಿರ್ಲಿಲ್ರಿ... ಹುಡುಗಬುದ್ಧಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಾ ಹೇಳ್ತೀನಿ."

ಫೋನ್ ಇಟ್ಟು ಒಳಗೆ ನೋಡಿ ಮಗನನ್ನು ಕೂಗಿದ. "ಏನೋ ಅದು, ಏನೋ ಬರ್ದು ಹಂಚೀಯಂತಲ್ಲ?"

ಹುಡುಗನಿಗೆ ಇಪ್ಪತ್ತೊಂದು. ಡಿಗ್ರಿ ಕೊನೆಯ ವರ್ಷ. ಎಡಪಕ್ಷವೊಂದರ ಜೊತೆ ಇರುವ ವಿದ್ಯಾರ್ಥಿ ಸಂಘಟನೆಯಲ್ಲಿ ಓಡಾಡುತ್ತಾನೆ. ಯಾವ ಪಕ್ಷ, ಯಾವ ಸಂಘಟನೆ ಅಂತ ಕೇಳಬೇಡಿ. ನಮ್ಮೂರಲ್ಲಿ ಕೆಂಪು ಬಾವುಟ ಒಂದಕ್ಕಿಂತ ಜಾಸ್ತಿ ಇವೆ, ಎಲ್ಲರೂ ಒಂದೇ ಟೀ ಅಂಗಡಿಗೆ ಬರುತ್ತಾರೆ.

ಆಗಿದ್ದು ಇಷ್ಟು. ಒಂದು ಖಾಸಗಿ ಕಾಲೇಜಿನ ಫೀಸು ಜಾಸ್ತಿ ಮಾಡಿದ್ದಕ್ಕೆ ಈ ಹುಡುಗರು ಎರಡು ತಿಂಗಳಿಂದ ಜಯದೇವ ಸರ್ಕಲ್‌ನಲ್ಲಿ ನಿಂತು ಕೂಗಿದ್ದರು. ಮೇ ದಿನದ ಕಾರ್ಯಕ್ರಮ ಬಂತು. ಶಾಮಿಯಾನ ಮತ್ತು ಮಧ್ಯಾಹ್ನದ ಊಟದ ಖರ್ಚನ್ನು ಅದೇ ಕಾಲೇಜು ನಡೆಸುವವರೊಬ್ಬರು ವಹಿಸಿಕೊಂಡರು. ಪಕ್ಷದವರು ಒಪ್ಪಿದರು. ಹುಡುಗರು ಒಪ್ಪಲಿಲ್ಲ. ಅರ್ಧ ಹಾಳೆಯ ಕರಪತ್ರ ಮಾಡಿ ಪೆಂಡಾಲಿನ ಹೊರಗೆ ನಿಂತು ಹಂಚಿದರು. ಅದರ ಒಂದು ಪ್ರತಿಯನ್ನು ನನ್ನ ಅಣ್ಣನ ಮಗ ಮಡಚಿ ಫೋನಿನ ಕವರಿನ ಹಿಂದೆ ಇಟ್ಟುಕೊಂಡಿದ್ದ. ತೆಗೆದು ತೋರಿಸಿದ. "ನಮ್ಮ ಫೀಸಿನ ಊಟ ನಮಗೇ ಬಡಿಸಬೇಡಿ" ಅಂತ ತಲೆಬರಹ. ಕೆಳಗೆ ಆರು ಸಾಲು. 'ಶುಲ್ಕ' ಅನ್ನುವುದು ಎರಡು ಕಡೆ 'ಶೂಲ್ಕ' ಆಗಿತ್ತು. ಬೈಗುಳ ಒಂದೂ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ.

ಇದಕ್ಕೆ ಪಕ್ಷದ ಉತ್ತರ ಏನು? ಕರಪತ್ರಕ್ಕೆ ಕರಪತ್ರ ಬರಲಿಲ್ಲ. ಸಭೆ ಕರೆಯಲಿಲ್ಲ. ಹುಡುಗನನ್ನು ಕೂರಿಸಿ "ನಿನ್ನ ಮಾತು ತಪ್ಪು, ಯಾಕೆ ಅಂದರೆ..." ಅಂತ ಯಾರೂ ಹೇಳಲಿಲ್ಲ. ಅಪ್ಪನಿಗೆ ಫೋನ್ ಮಾಡಿದರು.

ನನಗೆ ಚುರುಕ್ ಅಂದಿದ್ದು ಇದೇ.

ನಾನು ದೆಹಲಿಗೆ ಹೋಗಿದ್ದು 2011ರಲ್ಲಿ. ಮುನಿರ್ಕಾದಲ್ಲಿ ಬಾಡಿಗೆ ರೂಮು, ಗಾಳಿ ಇಲ್ಲ, ಬೆಳಕು ಇಲ್ಲ, ಕಿಟಕಿ ತೆಗೆದರೆ ಪಕ್ಕದವರ ಗೋಡೆ. ಜೆಎನ್‌ಯು ವಿಶ್ವವಿದ್ಯಾಲಯ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಹರಿಹರದ ಗೆಳೆಯನೊಬ್ಬ ಪಿಎಚ್‌ಡಿ ಮಾಡುತ್ತಿದ್ದ. ಅಲ್ಲಿನ ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಕಾವೇರಿ ಅಂತ ಒಂದು ಬೋರ್ಡು ಕಂಡ ದಿನ ಸುಮ್ನೆ ಅದರ ಮುಂದೆ ಹತ್ತು ನಿಮಿಷ ನಿಂತಿದ್ದೆ. ಭಾನುವಾರ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಇಡ್ಲಿ, ಉಳಿದ ದಿನ ಈ ಗೆಳೆಯನ ಮೆಸ್ಸು. ಹೀಗೆ ನಡೆದಿತ್ತು ಜೀವನ.

ಆ ಮೆಸ್ಸಿನಲ್ಲಿ ರಾತ್ರಿ ಊಟದ ಹೊತ್ತಿಗೆ ಟೇಬಲ್ ಮೇಲೆ ಕರಪತ್ರ ಬಂದು ಬೀಳುತ್ತಿದ್ದವು. ಒಂದಲ್ಲ, ನಾಲ್ಕಾರು. ಎಡಗೈಯಲ್ಲಿ ಕರಪತ್ರ, ಬಲಗೈಯಲ್ಲಿ ರೋಟಿ. ಎಲ್ಲರೂ ಓದುತ್ತಿದ್ದರು. ದಾಲ್ ಬಿದ್ದು ಹಳದಿಯಾದ ಹಾಳೆಗಳನ್ನೂ ಬಿಡದೆ ಓದುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು.

2012ರ ಬೇಸಿಗೆಯಲ್ಲಿ ರಾಷ್ಟ್ರಪತಿ ಚುನಾವಣೆ ಬಂತು. ಕಾಂಗ್ರೆಸ್ಸಿನಿಂದ ಪ್ರಣಬ್ ಮುಖರ್ಜಿ ನಿಂತರು. ಸಿಪಿಎಂ ಅವರಿಗೆ ಬೆಂಬಲ ಅಂತ ಹೇಳಿತು. ಎಡಪಕ್ಷಗಳಲ್ಲೇ ಒಮ್ಮತ ಇರಲಿಲ್ಲ. ಫಾರ್ವರ್ಡ್ ಬ್ಲಾಕ್ ಜೊತೆಗೆ ನಿಂತಿತು, ಸಿಪಿಐ ಮತ್ತು ಆರ್‌ಎಸ್‌ಪಿ ದೂರ ಉಳಿದವು. ಒಂದು ವರ್ಷದ ಹಿಂದೆಯಷ್ಟೇ ಬಂಗಾಳದಲ್ಲಿ ಎಡಪಕ್ಷಗಳ 34 ವರ್ಷದ ಅಧಿಕಾರ ಮಮತಾ ಬ್ಯಾನರ್ಜಿಯವರ ಕೈಗೆ ಹೋಗಿತ್ತು. ಮಮತಾ ಮತ್ತು ಕಾಂಗ್ರೆಸ್ ನಡುವಿನ ಬಿರುಕನ್ನು ಬಳಸಿಕೊಳ್ಳುವ ಲೆಕ್ಕ ಇದು ಅಂತ ಆಗ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಸಿಪಿಎಂ ಜೊತೆಗಿರುವ ವಿದ್ಯಾರ್ಥಿ ಸಂಘಟನೆ ಎಸ್‌ಎಫ್‌ಐ, ಅದರ ಜೆಎನ್‌ಯು ಹುಡುಗರಿಗೆ ಈ ಲೆಕ್ಕ ಹಿಡಿಸಲಿಲ್ಲ. ನಿನ್ನೆವರೆಗೆ ಯಾರ ಆರ್ಥಿಕ ನೀತಿಯನ್ನು ಬೈಯುತ್ತಿದ್ದೆವೋ ಆ ಹಣಕಾಸು ಸಚಿವರಿಗೇ ಇವತ್ತು ಓಟು ಹೇಗೆ? ಅಷ್ಟೇ ಅವರ ಪ್ರಶ್ನೆ. ಆದರೆ ಅವರು ಅದನ್ನು ಟೀ ಅಂಗಡಿಯಲ್ಲಿ ಗೊಣಗಲಿಲ್ಲ. ಘಟಕದ ಸಭೆ ಮಾಡಿ, ಪಕ್ಷದ ತೀರ್ಮಾನ ತಪ್ಪು ಅಂತ ನಿರ್ಣಯ ಮಾಡಿದರು.

ಎಸ್‌ಎಫ್‌ಐ ಹುಟ್ಟಿದ್ದು 1970ರ ಡಿಸೆಂಬರ್‌ನಲ್ಲಿ, ತಿರುವನಂತಪುರದಲ್ಲಿ. ಪತ್ರಿಕೆಗಳು 'ಸಿಪಿಎಂನ ವಿದ್ಯಾರ್ಥಿ ಘಟಕ' ಅಂತ ಬರೆದರೂ ಅವರು ಮಾತ್ರ ತಮ್ಮದು ಸ್ವತಂತ್ರ ಸಂಘಟನೆ ಅಂತಲೇ ಹೇಳುತ್ತಾರೆ. ಬಾವುಟ ಕೂಡ ಬಿಳಿ, ಮೂಲೆಯಲ್ಲಿ ಒಂದು ಕೆಂಪು ನಕ್ಷತ್ರ. ಅದರ ಮೇಲೆ ಬರೆದ ಮೂರು ಮಾತಲ್ಲಿ ಮೊದಲನೆಯದೇ ಸ್ವಾತಂತ್ರ್ಯ. ಹುಡುಗರು ಆ ಮೊದಲನೆಯ ಮಾತನ್ನು ಸ್ವಲ್ಪ ಗಂಭೀರವಾಗಿ ತಗೊಂಡರು ಅನ್ನಿ.

ಜುಲೈನಲ್ಲಿ ಎಸ್‌ಎಫ್‌ಐನ ದೆಹಲಿ ರಾಜ್ಯ ಸಮಿತಿ ಜೆಎನ್‌ಯು ಘಟಕವನ್ನೇ ವಿಸರ್ಜಿಸಿತು. ನಾಲ್ವರನ್ನು ಹೊರಗೆ ಹಾಕಿತು. ಅದಕ್ಕೂ ಮುಂಚೆ, ಪಕ್ಷದ ಸಂಶೋಧನಾ ವಿಭಾಗ ನೋಡಿಕೊಳ್ಳುತ್ತಿದ್ದ ಪ್ರಸೇನ್‌ಜಿತ್ ಬೋಸ್ ಇದೇ ವಿಷಯಕ್ಕೆ ರಾಜೀನಾಮೆ ಕೊಟ್ಟಿದ್ದರು. ಪಕ್ಷ ಅವರನ್ನೂ ಉಚ್ಚಾಟಿಸಿತ್ತು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ ಪ್ರಕಾಶ್ ಕಾರಟ್. ಎಪ್ಪತ್ತರ ದಶಕದಲ್ಲಿ ಇದೇ ಜೆಎನ್‌ಯು ವಿದ್ಯಾರ್ಥಿ ಸಂಘದ ಅಧ್ಯಕ್ಷರಾಗಿದ್ದವರು, ಎಸ್‌ಎಫ್‌ಐಗೂ ಅಖಿಲ ಭಾರತ ಅಧ್ಯಕ್ಷರಾಗಿದ್ದವರು. ಹೊಸ ಸೊಸೆಗೆ ಹಳೇ ಸೊಸೆಯೇ ಅತ್ತೆ.

ನೋಡಿ, ಇಲ್ಲಿ ನನಗೆ ಒಂದು ಹೊಟ್ಟೆಕಿಚ್ಚು ಇದೆ. ಹೊರಗೆ ಹಾಕಿದರು, ಸರಿ. ಹಾಕಿದ್ದು ಅವರನ್ನೇ. ಅವರ ಹೆಸರಿಗೇ ತೀರ್ಮಾನ ಬಂತು. ನೀನು ಹೀಗೆ ಹೇಳಿದೆ, ನಾವು ಒಪ್ಪುವುದಿಲ್ಲ, ಹೋಗು. ಇಪ್ಪತ್ತೈದು ವರ್ಷದ ಹುಡುಗನನ್ನು ಎದುರಾಳಿ ಅಂತ ಲೆಕ್ಕಕ್ಕೆ ತಗೊಂಡರು. ಅವನ ಅಪ್ಪ ಯಾರು, ಯಾವ ಊರಲ್ಲಿ ಏನು ಮಾಡುತ್ತಾನೆ ಅಂತ ಯಾರೂ ಕೇಳಲಿಲ್ಲ. ಸೇಲಂಗೋ ಕೋಲ್ಕತ್ತಾಗೋ ಫೋನ್ ಮಾಡಿ "ನಿಮ್ಮ ಹುಡುಗನಿಗೆ ಸ್ವಲ್ಪ ಹೇಳ್ರಿ" ಅನ್ನಲಿಲ್ಲ.

ಮುಂದೆ ಆಗಿದ್ದು ಇನ್ನೂ ಚೆಂದ. ಹೊರಬಿದ್ದವರು 'ಎಸ್‌ಎಫ್‌ಐ-ಜೆಎನ್‌ಯು' ಅಂತ ಹೆಸರಿಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತರು. ಸುಪ್ರೀಂ ಕೋರ್ಟಿನ ತಡೆಯಿಂದ 2008ರಿಂದ ಅಲ್ಲಿ ಚುನಾವಣೆಯೇ ನಡೆದಿರಲಿಲ್ಲ, ಆ ವರ್ಷದ ಮಾರ್ಚ್‌ನಲ್ಲಿ ಮತ್ತೆ ಶುರುವಾಗಿತ್ತು. ಹಾಗಾಗಿ ಕಾವು ಜೋರಾಗೇ ಇತ್ತು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಚರ್ಚೆ ನಡೆದ ರಾತ್ರಿ ಗೆಳೆಯ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಡಫ್ಲಿ ಸದ್ದು, ಘೋಷಣೆ, ಹುಲ್ಲಿನ ಮೇಲೆ ಕಾಲು ಇಡಲು ಜಾಗ ಇಲ್ಲ. ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನನಗೆ ಅರ್ಥವಾಗಿದ್ದು ಅದರಲ್ಲಿ ಅರ್ಧ. ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿ ಬೆವರಿಳಿಸುತ್ತಿದ್ದರು. ಹೊರಗೆ ಹಾಕಿಸಿಕೊಂಡ ನಾಲ್ವರಲ್ಲಿ ಒಬ್ಬರಾದ ವಿ. ಲೆನಿನ್ ಕುಮಾರ್, ತಮಿಳುನಾಡಿನವರು, ಅಧ್ಯಕ್ಷರಾಗಿ ಗೆದ್ದರು. ಪಕ್ಷ ಬೇಡ ಅಂದವರನ್ನು ಮೆಸ್ಸಿನಲ್ಲಿ ಕರಪತ್ರ ಓದುತ್ತಿದ್ದವರು ಬೇಕು ಅಂದರು.

ಈಗ ದಾವಣಗೆರೆಗೆ ಬನ್ನಿ. ನನ್ನ ಅಣ್ಣನ ಮಗ ಎಲ್ಲಿಗೆ ಹೋಗಬೇಕು? ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ಚುನಾವಣೆ ನಿಂತು ಮೂವತ್ತು ವರ್ಷದ ಮೇಲಾಯಿತು. ಜಾಸ್ತಿ ಮಾರ್ಕ್ಸು ತೆಗೆದವನೇ ಕ್ಲಾಸಿನ ಪ್ರತಿನಿಧಿ. ಅವನು ಸ್ವಾಗತ ಭಾಷಣ ಮಾಡಿ ಹೂಗುಚ್ಛ ಕೊಡುತ್ತಾನೆ. ಪಕ್ಷ ಸರಿಯೋ ಹುಡುಗರು ಸರಿಯೋ ಅಂತ ತೂಗಿ ನೋಡಲು ಇಲ್ಲಿ ತಕ್ಕಡಿಯೇ ಇಲ್ಲ. ಇರುವುದು ಒಂದೇ ಕೋರ್ಟು, ಪಡಸಾಲೆ. ಒಬ್ಬನೇ ಜಡ್ಜು, ಅಪ್ಪ.

ಇದು ಇವತ್ತಿನ ಚಾಳಿಯೂ ಅಲ್ಲ. ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ನಮ್ಮೂರಿಗೆ ಹೆಸರಿದ್ದ ಕಾಲ. 1978, 1983, 1985, ಮೂರು ಸಲ ಪಂಪಾಪತಿಯವರನ್ನು ಕಮ್ಯುನಿಸ್ಟ್ ಶಾಸಕರಾಗಿ ಗೆಲ್ಲಿಸಿದ ಊರು ಇದು. ಆ ಮೂರು ಸಲವೂ ಅಪ್ಪ ರಾತ್ರಿಯೆಲ್ಲ ಗೋಡೆ ಬರೆದಿದ್ದರಂತೆ. ಅದೇ ಅಪ್ಪ ಒಮ್ಮೆ ಗಿರಣಿಯ ಗೇಟ್ ಮೀಟಿಂಗಿನಲ್ಲಿ, ಮುಷ್ಕರ ಇಷ್ಟು ಬೇಗ ಯಾಕೆ ಮುಗಿಸಿದಿರಿ ಅಂತ ಎದ್ದು ಕೇಳಿದ್ದರು. ಆಗ ಮನೆಗಳಲ್ಲಿ ಫೋನ್ ಇರಲಿಲ್ಲ. ಮೂರು ಹರದಾರಿ ದೂರದ ಹಳ್ಳಿಯಲ್ಲಿದ್ದ ನಮ್ಮ ಅಜ್ಜನ ಹತ್ತಿರ ಯಾರೋ ಸೈಕಲ್ ತುಳಿದುಕೊಂಡು ಹೋಗಿ ಹೇಳಿ ಬಂದಿದ್ದರು. ಅಜ್ಜನಿಗೆ ಮುಷ್ಕರ ಅಂದರೇನು ಅಂತಲೇ ಗೊತ್ತಿರಲಿಲ್ಲ. "ದೊಡ್ಡೋರಿಗೆ ಎದುರು ಮಾತಾಡಬ್ಯಾಡ" ಅಂದರಂತೆ. ಅಪ್ಪ ಇದನ್ನು ನಗುತ್ತಾ ಹೇಳುತ್ತಿದ್ದರು. ನಾವೂ ನಗುತ್ತಿದ್ದೆವು. ಈಗ ಅಣ್ಣ ಫೋನ್ ಹಿಡಿದು ಎದ್ದು ನಿಂತಿದ್ದು ನೋಡಿ ನನಗೆ ನಗು ಬರಲಿಲ್ಲ.

ಸಿಟ್ಟಿನಲ್ಲಿ ಸಂಜೆ ಆ ಫೋನ್ ಮಾಡಿದವರ ಹತ್ತಿರವೇ ಹೋದೆ. ನಮಗೆ ಅವರು ಯೂನಿಯನ್ ಮಾವ. ಅಪ್ಪನ ಜೊತೆಯವರು. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ ಬಾರ್ ಮೇಲೆ ಕೂರಿಸಿಕೊಂಡು ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋದವರು. ಖಾರ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ನಾನು ದೆಹಲಿ ಕಥೆ ಎಲ್ಲ ಹೇಳಿದೆ. ನಿರ್ಣಯ, ವಿಸರ್ಜನೆ, ಗೆಲುವು. ಅವರು ಪೇಪರಿನ ಮೇಲಿನ ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಾ ಕೇಳಿಸಿಕೊಂಡರು.

"ಅಲ್ಲೋ ತಮ್ಮ, ಡೆಲ್ಲಿಯಾಗ ಜಗಳ ಆಡಿದ್ರ ಪೇಪರ್‌ನಾಗ ಬರ್ತೈತಿ. ಇಲ್ಲಿ ನಾವು ಇರೋದೇ ನಲವತ್ತು ಮಂದಿ. ಮೂರು ಹುಡುಗ್ರನ್ನ ಹೊರಗ ಹಾಕಿದ್ರ ನಾಳೆ ಬ್ಯಾನರ್ ಹಿಡಿಯೋರು ಯಾರು? ನಾನು ಲೆಟರ್ ಕೊಟ್ರ ಅದು ಫೈಲಾಗ ಕೂರ್ತೈತಿ. ನಿಮ್ಮಣ್ಣಗ ಹೇಳಿದ್ರ ನಾಳಿಗೆ ಮರ್ತು ಹೋಗ್ತೈತಿ."

"ಮರೆಯೋದು ಬೇಡ ಮಾವ. ಅವನು ಕೇಳಿದ್ದಕ್ಕೆ ಉತ್ತರ ಬೇಕು" ಅಂದೆ.

"ಉತ್ತರ ಏನೈತಿ? ಶಾಮಿಯಾನದ ರೊಕ್ಕ ನಮ್ಮತ್ರ ಇರ್ಲಿಲ್ಲ." ಇನ್ನೊಂದು ಮೆಣಸಿನಕಾಯಿ ನನ್ನ ಕಡೆ ತಳ್ಳಿದರು.

ಈ ಮಾತನ್ನು ಹುಡುಗರಿಗೇ ಹೇಳಬಹುದಿತ್ತಲ್ಲ? ದುಡ್ಡಿರಲಿಲ್ಲ ಅಂತ ಅವರ ಮುಂದೆ ಒಪ್ಪಿಕೊಂಡಿದ್ದರೆ ಹುಡುಗರೇ ಡಬ್ಬಿ ಹಿಡಿದು ಮಂಡಿಪೇಟೆ ಸುತ್ತಿ ಬರುತ್ತಿದ್ದರು. ಹೇಳಲಿಲ್ಲ, ಯಾಕೆಂದರೆ ನಮ್ಮಲ್ಲಿ ದೊಡ್ಡವರು ಸಣ್ಣವರಿಗೆ ಲೆಕ್ಕ ಕೊಡುವುದಿಲ್ಲ. ಬಾವುಟದ ಬಣ್ಣ ಯಾವುದೇ ಇರಲಿ, ಮನೆ ಯಜಮಾನಿಕೆ ಅದೇ. ಪ್ರಶ್ನೆ ಕೇಳಿದರೆ ಅದು ಭಿನ್ನಾಭಿಪ್ರಾಯ ಆಗುವುದಿಲ್ಲ, ಮರ್ಯಾದೆ ಕೊಡದೆ ಇದ್ದಂತೆ ಆಗುತ್ತದೆ. ಹತ್ತು ವರ್ಷ ಊರು ಬಿಟ್ಟಿದ್ದರೆ ಇದು ಎದ್ದು ಕಾಣುತ್ತದೆ. ಊರಲ್ಲೇ ಇದ್ದವರಿಗೆ ಗಾಳಿ ಇದ್ದಂತೆ.

ಇನ್ನು ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕಾದ್ದು. ದೆಹಲಿಯ ಆ ಗೆಲುವಿನ ಮುಂದಿನ ಭಾಗವನ್ನು ನಾನು ಮಾವನಿಗೆ ಹೇಳಲಿಲ್ಲ. ಹೊರಬಿದ್ದವರು ಡಿಎಸ್‌ಎಫ್ ಅಂತ ಬೇರೆ ಸಂಘಟನೆಯೇ ಮಾಡಿಕೊಂಡರು. ಒಂದೇ ತಟ್ಟೆಯಲ್ಲಿ ಉಂಡವರು ಎದುರು ಬದುರು ನಿಂತರು. ನನ್ನ ಗೆಳೆಯನ ಹಾಸ್ಟೆಲ್ಲಿನಲ್ಲೇ ಇಬ್ಬರು ರೂಮ್‌ಮೇಟುಗಳು ಆ ಜುಲೈನಿಂದ ಮಾತು ಬಿಟ್ಟಿದ್ದರು. ಕೋಣೆ ಒಂದೇ, ಕರಪತ್ರ ಎರಡು. 2025ರ ಏಪ್ರಿಲ್‌ನ ಚುನಾವಣೆಯಲ್ಲೂ ಡಿಎಸ್‌ಎಫ್ ಒಂದು ಕಡೆ, ಎಸ್‌ಎಫ್‌ಐ ಇನ್ನೊಂದು ಕಡೆ. ಆ ಸಲ ವಿದ್ಯಾರ್ಥಿ ಸಂಘದ ನಾಲ್ಕು ಮುಖ್ಯ ಸ್ಥಾನಗಳಲ್ಲಿ ಒಂದು ಎಬಿವಿಪಿಗೆ ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ಐಸಾ ಅನ್ನುವ ಇನ್ನೊಂದು ಎಡ ವಿದ್ಯಾರ್ಥಿ ಸಂಘಟನೆ, ಎಸ್‌ಎಫ್‌ಐ, ಡಿಎಸ್‌ಎಫ್ ಒಂದೇ ಪ್ಯಾನೆಲ್ಲಿನಲ್ಲಿ ನಿಂತು ನಾಲ್ಕೂ ಗೆದ್ದವು. ನಡುವೆ 2017ರಂಥ ವರ್ಷಗಳಲ್ಲಿ ಕೂಡಿ ನಿಂತಿದ್ದೂ ಉಂಟು, ಆದರೂ 2012ರಲ್ಲಿ ಬೇರೆಯಾದವರು ಹದಿಮೂರು ವರ್ಷ ಆದ ಮೇಲೂ ಕೂಡುವುದು, ಬೇರೆಯಾಗುವುದು ನಡೆದೇ ಇತ್ತು.

ನಮ್ಮೂರಲ್ಲಿ ಎರಡು ವಾರವೂ ಬೇಕಾಗಲಿಲ್ಲ. ಮದುವೆ ದಿನ ಯೂನಿಯನ್ ಮಾವ ಬೆಳಗ್ಗೆ ಆರಕ್ಕೇ ಬಂದರು. ಅಡುಗೆಯವರ ಹತ್ತಿರ ನಿಂತು ಅಕ್ಕಿ ಅಳೆಸಿದರು. ಬಡಿಸುವಾಗ ಪಾಯಸದ ಬಕೆಟ್ಟು ಮಾವನ ಕೈಯಲ್ಲಿ, ಅನ್ನದ ಬಕೆಟ್ಟು ನನ್ನ ಅಣ್ಣನ ಮಗನ ಕೈಯಲ್ಲಿ. ಒಂದೇ ಸಾಲಿನಲ್ಲಿ ಹಿಂದೆ ಮುಂದೆ ಹೋಗುತ್ತಿದ್ದರು. ಮಾವ ಎಲೆ ಎಲೆಗೂ ಬಗ್ಗಲು ಕಷ್ಟಪಡುತ್ತಿದ್ದದ್ದನ್ನು ನೋಡಿ ಹುಡುಗ ಆ ಬಕೆಟ್ಟನ್ನೂ ಕಿತ್ತುಕೊಂಡ. ಮುನಿರ್ಕಾದಿಂದ ಈಚೆಗೆ ನಾಲ್ಕು ಮನೆ ಬದಲಿಸಿದ್ದೇನೆ. ನನ್ನ ಮನೆಯ ಕೆಲಸಕ್ಕೆ ಬೆಳಗ್ಗೆ ಆರಕ್ಕೆ ಬಂದು ನಿಲ್ಲುವವರು ದೆಹಲಿಯಲ್ಲಿ ನನಗೆ ಯಾರೂ ಇಲ್ಲ. ಅದೂ ನಿಜ.

ವಾಪಸ್ ಬಂದು ಒಂದು ತಿಂಗಳಾದ ಮೇಲೆ ಹುಡುಗ ಒಂದು ಫೋಟೋ ಕಳಿಸಿದ. ಡಿ.ಸಿ. ಆಫೀಸಿನ ಮುಂದೆ ಅದೇ ಫೀಸಿನ ವಿಷಯಕ್ಕೆ ಧರಣಿ. ಬ್ಯಾನರಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಮಾವನ ಕೈಯಲ್ಲಿ. ತಕ್ಷಣ ಫೋನ್ ಮಾಡಿದೆ.

"ಆ ಶಾಮಿಯಾನದ ವಿಷಯ ಏನಾಯ್ತೋ?"

"ಮುಂದಿನ ವರ್ಷ ಅವರ ರೊಕ್ಕ ತಗೊಳ್ಳೋದಿಲ್ಲ ಅಂದಾರೆ ಚಿಗಪ್ಪ. ಹಂಗಾದ್ರ ಸಭೆಯಾಗ ಬರ್ದು ಇಡ್ರಿ ಅಂದೆ."

"ಬರೆದ್ರಾ?"

"ಅಪ್ಪಗ ಫೋನ್ ಮಾಡಿದ್ರು."