ಓದುಗರೇ ಮಾಲೀಕರಾಗಬಹುದು

ಪತ್ರಿಕೆ, ಚಾನೆಲ್ ಅಂದರೆ ಕಂಪನಿಯದು ಇಲ್ಲ ಸರ್ಕಾರದ್ದು, ಮೂರನೇ ದಾರಿ ಇಲ್ಲ ಅಂತ ಬರೆದಿದ್ದೀರಿ ಸರ್. ಒಪ್ಪಲು ಆಗುತ್ತಿಲ್ಲ. ಬರ್ಲಿನ್‌ನ 'ಟಾಟ್ಸ್' ದಿನಪತ್ರಿಕೆ 1992ರಿಂದ ಸಹಕಾರ ಸಂಘದ್ದು, ಓದುಗರೇ ಷೇರುದಾರರು. ಜೇನು ಮಾರೋಕೂ ಸಂಘ ಕಟ್ಟಿದ ಕೊಡಗಿನವರಿಗೆ ಇದೇನು ಹೊಸದಲ್ಲ ಅಲ್ವಾ?

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಮನೇಲಿ ನಾಲ್ಕು ದಿನ ಕರೆಂಟಿಲ್ಲ, ಅಮ್ಮ ಟಾರ್ಚಿನ ಸೆಲ್ ತೆಗೆದು ರೇಡಿಯೋಗೆ ಹಾಕಿ, ಯಾವ ರಸ್ತೆ ತೆರೆದಿದೆ ಅಂತ ಯಾರಾದರೂ ಹೇಳುತ್ತಾರಾ ಎಂದು ಕಿವಿಗೊಟ್ಟು ಕೂತಿದ್ದರು. ಒಂದು ಚಾನೆಲ್ ತೋರಿಸಿದ್ದನ್ನೇ ತೋರಿಸಿ ಬೆಂಗಳೂರಿನ ನೆಂಟರನ್ನು ಸುಮ್ನೆ ಹೆದರಿಸುತ್ತಿತ್ತು.

2006ರಿಂದ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ, ಅಂದರೆ ಸುತ್ತಲಿನ ಊರುಗಳಿಗಷ್ಟೇ ಕೇಳಿಸುವ ಸಣ್ಣ ರೇಡಿಯೋ ಕೇಂದ್ರ, ನಡೆಸಬಹುದು. ಮಳೆ, ರಸ್ತೆ ವಿಷಯ ಹೇಳಬಹುದು. ಆದರೆ ಸುದ್ದಿ ಮಾತ್ರ ಆಕಾಶವಾಣಿಯದ್ದೇ ಹಾಕಬೇಕು, ಪಂಚಾಯ್ತಿ ದುಡ್ಡು ಎಲ್ಲಿ ಹೋಯಿತು ಅಂತ ನಾವೇ ಸುದ್ದಿ ಮಾಡಿ ಓದುವ ಹಾಗಿಲ್ಲ. ಮೊದಲು ಆ ನಿಯಮ ತೆಗೆಯಲಿ.